ಹೊರೆಗಲ್ಲಿನ ಎತ್ತರ

“ಗುರುಗಳೇ, ಹತ್ತು ಜನರನ್ನು ಕರೆಸಿ ಕೇಳಿಯೇ ಮಠದ ಅಂಗಳದಲ್ಲಿ ಅರವಟ್ಟಿಗೆ ಇಡಿಸಿದೆ. ಜಾಗ ಒಳ್ಳೆಯದು ಎಂದರು, ನೀರು ಸಿಹಿ ಎಂದರು. ಬೇಸಿಗೆ ಅರ್ಧ ಕಳೆಯಿತು. ದಾರಿಹೋಕರು ಒಬ್ಬರೂ ಬಂದು ನೀರು ಕುಡಿದಿಲ್ಲ. ತಪ್ಪು ಯಾರದು?” ಎಂದು ಶಿಷ್ಯ ಕೇಳಿದ.

“ತಪ್ಪು ನಿನ್ನದೇ,” ಎಂದರು ಗುರುಗಳು. “ಕರೆದರೆ ಬರುವವರನ್ನಷ್ಟೇ ಕೇಳಿದೆ. ಬರಲಾಗದವರ ಹತ್ತಿರ ನೀನು ಹೋಗಲಿಲ್ಲ. ಕೂತುಕೋ.”

ಆಮೇಲೆ ಅವರು ಹೇಳಿದ ಕತೆ ಇದು.

ಒಬ್ಬ ವರ್ತಕನಿದ್ದ. ಅವನ ತಾಯಿ ಕಾಡಿನಿಂದ ಸೌದೆ ಹೊತ್ತು ತಂದು, ಪೇಟೆಯಲ್ಲಿ ಮಾರಿ ಅವನನ್ನು ಸಾಕಿದ್ದಳು. ಅವಳ ಹೆಸರು ಸಣ್ಣೀರಮ್ಮ. ಮಗನ ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು. ತಲೆ ನರೆತ ಮೇಲೆ ವರ್ತಕನಿಗೆ ಅವಳ ನೆನಪು ಬಿಡದೆ ಕಾಡತೊಡಗಿತು. ಮುಖ ಮಸುಕಾಗಿತ್ತು. ಆದರೆ ಹೊರೆ ಇಳಿಸಿದ ಮೇಲೆ ತಲೆಗೆ ಒತ್ತಾಗಿದ್ದ ಬಟ್ಟೆಯ ಸಿಂಬೆಯನ್ನು ಕಂಕುಳಿಗೆ ಸಿಕ್ಕಿಸಿ, ಎಡಗೈಯಿಂದ ಕತ್ತು ನೀವಿಕೊಳ್ಳುತ್ತಿದ್ದಳಲ್ಲ, ಅದು ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿತ್ತು.

ಅವಳ ಹೆಸರಿನಲ್ಲಿ ಕಾಡಿನ ದಾರಿಗೆ ಒಂದು ಹೊರೆಗಲ್ಲು ನಿಲ್ಲಿಸಬೇಕೆಂದುಕೊಂಡ. ಎರಡು ಕಂಬ, ಮೇಲೊಂದು ಚಪ್ಪಡಿ. ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡು ಹೋಗುವ ಕಲ್ಲು. ಒಬ್ಬಳಾದರೂ ಅಲ್ಲಿ ಹೊರೆ ಇಳಿಸಿ ಉಸ್ಸೆಂದರೆ ಅವ್ವನಿಗೇ ಮುಟ್ಟಿದಂತೆ ಎಂಬುದು ಅವನ ಆಸೆ.

“ಎಲ್ಲಿ ನಿಲ್ಲಿಸಲಿ? ಎಷ್ಟು ಎತ್ತರ?” ಎಂದು ಕಲ್ಲುಕುಟಿಗ ಕೇಳಿದ.

“ಜನರನ್ನೇ ಕೇಳೋಣ,” ಎಂದ ವರ್ತಕ. ಇಲ್ಲಿಯವರೆಗೆ ಅವನು ಮಾಡಿದ್ದು ಸರಿ.

ಡಂಗುರ ಹೊಡೆಸಿದ. ನಾಳೆ ಮಧ್ಯಾಹ್ನ ಬಂದು ಅಳತೆ ನೋಡಿ ಹೇಳಿದವರಿಗೆ ಹೋಳಿಗೆ ಊಟ. ಮಧ್ಯಾಹ್ನ ಬಿಡುವಿದ್ದವರೆಲ್ಲ ಬಂದರು. ಜಗಲಿ ಕಾಯುವವರು, ವರ್ತಕನ ಬೀಗರು, ಊಟವಿದ್ದಲ್ಲೆಲ್ಲ ಕಾಣುವ ಅದೇ ಮುಖಗಳು. ಆ ಹೊತ್ತಿಗೆ ಸೌದೆಯವರು ಕಾಡಿನಲ್ಲಿದ್ದರು. ಡಂಗುರ ಅವರ ಕಿವಿಗೂ ಬಿದ್ದಿತ್ತು. ಒಂದು ದಿನದ ಹೊರೆ ಬಿಟ್ಟು ಹೋಳಿಗೆಗೆ ಬಂದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಬಂದವರ ತಲೆಗೆ ಆಳುಗಳು ಒಂದೊಂದು ಹುಲ್ಲಿನ ಕಟ್ಟು ಇಟ್ಟರು. ಅವರು ನಾಲ್ಕು ಹೆಜ್ಜೆ ನಡೆದು, ಕಲ್ಲುಕುಟಿಗ ಅಳತೆಗೆಂದು ಕಟ್ಟಿದ್ದ ಹಲಗೆಯ ಮೇಲೆ ಇಳಿಸಿದರು. “ಇನ್ನೂ ಸ್ವಲ್ಪ ಎತ್ತರವಿದ್ದರೆ ಗತ್ತು,” ಎಂದ ಒಬ್ಬ. “ಊರಬಾಗಿಲ ಆಲದ ನೆರಳಿಗೆ ಹಾಕಿಸಿ ಸಾಹುಕಾರ್ರೇ, ನಾವೂ ಕೂತು ಮಾತಾಡಬಹುದು,” ಎಂದ ಇನ್ನೊಬ್ಬ. ಹೋಳಿಗೆ ಹಾಕಿದವನ ಎದುರು ಕೂತು ನಿನ್ನ ಅಳತೆ ಸರಿಯಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕಲ್ಲು ಊರಬಾಗಿಲಲ್ಲಿ ನಿಂತಿತು. ಅವ್ವನ ಹೆಸರು ಕೆತ್ತಿಸಿದ್ದೂ ಆಯಿತು. ವರ್ತಕ ಆಲದ ಕೆಳಗೆ ಕೂತು ಕಾದ. ಸೌದೆಯವರು ದಿನವೂ ಸಾಲಾಗಿ ಬಂದರು, ಕಲ್ಲನ್ನು ದಾಟಿ ಹೋದರು. ಒಂಬತ್ತನೆಯ ದಿನ ಅವನ ತಾಳ್ಮೆ ಕೆಟ್ಟಿತು. ಸಾಲಿನ ಕೊನೆಯ ಮುದುಕಿಯನ್ನು ಕೂಗಿದ.

“ಏನಮ್ಮ, ನಿಮಗೋಸ್ಕರ ಕಲ್ಲು ಹಾಕಿಸಿದರೆ ತಿರುಗಿಯೂ ನೋಡುವುದಿಲ್ಲವಲ್ಲ! ನಿಂತು ಹೇಳು, ಏನಾಗಿದೆ ಅದಕ್ಕೆ?”

ಮುದುಕಿ ನಿಲ್ಲಲಿಲ್ಲ. “ನಿಂತರೆ ಕತ್ತು ಕುಸೀತದೆ ಸಾಹುಕಾರ್ರೇ. ಕೇಳೋದಿದ್ದರೆ ಜೊತೆಗೆ ನಡೀತಾ ಕೇಳಿ.”

ಅವನು ಎದ್ದು ಅವಳ ಪಕ್ಕ ನಡೆದ.

“ನಿಮ್ಮ ಕಲ್ಲು ನನ್ನ ತಲೆಗಿಂತ ಒಂದು ಗೇಣು ಮೇಲಿದೆ. ಹೊರೆಯನ್ನ ಅಷ್ಟೆತ್ತರ ಎತ್ತೋ ಶಕ್ತಿ ಇದ್ದಿದ್ದರೆ ನನಗೆ ಕಲ್ಲು ಯಾಕೆ ಬೇಕಿತ್ತು? ಇಲ್ಲಿಂದ ಪೇಟೆ ಕೂಗಳತೆ. ಜೀವ ಬಾಯಿಗೆ ಬರೋದು ಅಲ್ಲಿ, ದಿಬ್ಬ ಹತ್ತಿದಾಗ. ಯಾರನ್ನ ಕೇಳಿ ಹಾಕಿಸಿದಿರಿ, ಒಂಟೆಯನ್ನಾ?”

“ಊರವರನ್ನು ಕೇಳಿದೆ. ಅದು ನನ್ನವ್ವನ ಹೆಸರಿನ ಕಲ್ಲು. ಅವಳೂ ಸೌದೆ ಹೊರುತ್ತಿದ್ದಳು.”

“ಹಂಗಾದರೆ ಅವಳಿಗೆ ಗೊತ್ತಿರ್ತಿತ್ತು.”

“ಕೇಳೋಣವೆಂದರೆ ಅವಳಿಲ್ಲ.”

“ಅವಳಿಲ್ಲ. ನಾವಿದ್ದೀವಲ್ಲ!”

ವರ್ತಕ ಪೇಟೆಯವರೆಗೂ ಅವಳ ಪಕ್ಕದಲ್ಲೇ ನಡೆದ.

ಮರುದಿನ ಅವನು ಕಲ್ಲುಕುಟಿಗನನ್ನು ಕರೆದುಕೊಂಡು ಸೌದೆಯವರ ಹಿಂದೆ ಕಾಡಿಗೆ ಹೋದ. ಬರುವಾಗ ಯಾರನ್ನೂ ನಿಲ್ಲಿಸಿ ಕೇಳಲಿಲ್ಲ. ತಾನೂ ಅರ್ಧ ಹೊರೆ ಹೊತ್ತು ನಡೆದ. ದಿಬ್ಬ ಹತ್ತುವಾಗ ತಲೆ ಎದೆಯೊಳಗೆ ಇಳಿದಂತಾಯಿತು. ತುದಿಯಲ್ಲಿ ಒಂದು ಹಳೆಯ ಹುಣಸೆಮರವಿತ್ತು. ಮುಂದಿದ್ದವಳು ಅದರ ಕವಲಿಗೆ ಹೊರೆ ಜಾರಿಸಿದಳು, ಸಿಂಬೆಯನ್ನು ಕಂಕುಳಿಗೆ ಸಿಕ್ಕಿಸಿದಳು, ಎಡಗೈಯಿಂದ ಕತ್ತು ನೀವಿಕೊಂಡಳು. ಉಳಿದವರು ಹೊರೆ ಹೊತ್ತೇ ಸರದಿ ಕಾದರು. ಕವಲು ಇದ್ದದ್ದು ಒಂದೇ.

ಅವನ ಸರದಿ ಬಂತು. ಕವಲು ಅವನ ತಲೆಗಿಂತ ತಗ್ಗಿನಲ್ಲಿತ್ತು, ಮೊಣಕಾಲು ಬಗ್ಗಿಸಿ ಇಳಿಸಬೇಕಾಯಿತು. ಅಲ್ಲಿ ತೊಗಟೆಯೇ ಇರಲಿಲ್ಲ. ಎಷ್ಟೋ ಕಾಲದ ಹೊರೆಗಳು ಜಾರಿ ಜಾರಿ ಮರ ಹೊಸಿಲಿನ ಹಾಗೆ ನುಣುಪಾಗಿತ್ತು. ಆ ಹೊರೆಗಳಲ್ಲಿ ಸಣ್ಣೀರಮ್ಮನದೂ ಇತ್ತು. ವರ್ತಕ ಅದರ ಮೇಲೆ ಅಂಗೈ ಇಟ್ಟು ನಿಂತೇಬಿಟ್ಟ.

“ಅಳೋದಾದರೆ ಆ ಕಡೆ ನಿಂತು ಅಳಿ ಸಾಹುಕಾರ್ರೇ,” ಎಂದು ಹಿಂದಿನಿಂದ ಮುದುಕಿ ಗದರಿದಳು. “ನಮ್ಮ ತಲೆ ಮೇಲೆ ಹೊರೆ ಅದೆ.”

ಕಲ್ಲುಕುಟಿಗ ನೆಲದಿಂದ ಕವಲಿನವರೆಗೆ ದಾರ ಹಿಡಿದು ಗಂಟು ಹಾಕಿಕೊಂಡ. ಊರಬಾಗಿಲ ಕಲ್ಲನ್ನು ಕೀಳಿಸಿದರು. ಕಂಬಗಳನ್ನು ಆ ಗಂಟಿನ ಅಳತೆಗೆ ತಗ್ಗಿಸಿ, ಐದು ಹೊರೆ ಒಟ್ಟಿಗೆ ಇಳಿಯುವಷ್ಟು ಉದ್ದದ ಚಪ್ಪಡಿ ಹಾಕಿ, ಹುಣಸೆಮರದ ಪಕ್ಕದಲ್ಲಿ ನಿಲ್ಲಿಸಿದರು. ಮುದುಕಿ ಮೊದಲು ಇಳಿಸಿದಳು. “ಉಸ್ಸಪ್ಪಾ,” ಎಂದಳು. ಕಂಬದ ಮೇಲಿನ ಹೆಸರು ಅವಳಿಗೆ ಓದಲು ಬಾರದು. ವರ್ತಕ ಓದಿ ಹೇಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಆದರೆ ಗುರುಗಳೇ, ನಾನು ಕರೆಸಿದ ಹತ್ತೂ ಜನ ತಿಳಿದವರೇ,” ಎಂದ ಶಿಷ್ಯ.

“ಅವರಲ್ಲಿ ಬಾಯಾರಿದವರು ಎಷ್ಟು ಜನ?”

“ಒಬ್ಬರೂ ಇಲ್ಲ,” ಎಂದ ಶಿಷ್ಯ.

“ಹಾಗಾದರೆ ಏಳು, ಹೊರಗೆ ಬಿಸಿಲಿದೆ, ದಾರಿಯಲ್ಲಿ ಜನರಿದ್ದಾರೆ, ಅವರ ಜೊತೆ ನಡೆ.”