ಎಣ್ಣೆಯ ಕಾವಲು

ಇಟಲಿಯ ನೆಲಮಾಳಿಗೆಯೊಂದರಲ್ಲಿ ಹೂಜಿ ತುಂಬ ಕೆಂಪು ವೈನ್ ಇತ್ತು. ಗಾಳಿ ತಾಗಿ ಹುಳಿಯಾಗದಿರಲೆಂದು ಮನೆಯೊಡತಿ ಲುಚಿಯಾ ಅದರ ಮೇಲೆ ಆಲಿವ್ ಎಣ್ಣೆ ತೇಲಿಬಿಟ್ಟಿದ್ದಳು.

"ಒಗರಿಲ್ಲದ ನನ್ನ ನಯವಾದ ರುಚಿಗೆ ಊರೇ ಮರುಳು. ನೀನು ಮಾತ್ರ ಬಾಗಿಲಿಗೆ ಅಡ್ಡ ಮಲಗಿದ್ದೀಯೆ," ಎಂದಿತು ವೈನ್.

"ಎಲ್ಲರನ್ನೂ ಬಾ ಎನ್ನುವವರಿಗೇ ಕಾವಲು ಬೇಕು," ಎಂದಿತು ಎಣ್ಣೆ.

ವೈನಿಗೆ ರೇಗಿತು. ಅತ್ತ ಸುಳಿದ ಇಲಿಯನ್ನು ಕರೆದು, "ಈ ಎಣ್ಣೆಯನ್ನು ನೆಕ್ಕಿಬಿಡಪ್ಪ," ಎಂದಿತು. ಇಲಿ ಬಾಲ ಅದ್ದಿ ಅದ್ದಿ ನೆಕ್ಕಿ ಮುಗಿಸಿತು.

ಮೊದಲು ಬಂದದ್ದು ಗಾಳಿ. "ಎಷ್ಟು ಮೃದು ನೀನು!" ಎಂದಿತು.

ವೈನ್ ಹಿಗ್ಗಿ, "ಇಲ್ಲೇ ಇರು," ಎಂದಿತು. ಗಾಳಿ ಇದ್ದುಬಿಟ್ಟಿತು.

ಮಗಳ ಮದುವೆಯ ದಿನ ಲುಚಿಯಾ ಒಂದು ಗುಟುಕು ಕುಡಿದು, ಮುಖ ಕಿವಿಚಿ, ಹೂಜಿಯನ್ನು ಬಚ್ಚಲಿಗೆ ಬಗ್ಗಿಸಿದಳು.

ಅಷ್ಟರಲ್ಲಿ ಗಾಳಿ ಪಕ್ಕದ ಹೂಜಿಯ ಬಾಯಲ್ಲಿ ನಿಂತು, "ಎಷ್ಟು ಮೃದು ನೀನು!" ಎನ್ನುತ್ತಿತ್ತು.