ಸಂಜೆಯಾದರೆ ತೆವಳುವ ವೈಫೈ

ಕೋಟೆ ಬೀದಿಯ ಸುದ್ದಿ ಕೇಳಿದ್ರಾ? ಶಿವ ಶಿವಾ, ಹೀಗೂ ಉಂಟಾ!

ರಿಟೈರ್ಡ್ ಶಿರಸ್ತೇದಾರ್ ಚೆಲುವಯ್ಯನವರು ಸಂಜೆ ಕೇಬಲ್ ಆಫೀಸಿನ ಲೈನ್‌ಮನ್‌ನನ್ನು ಜಗಲಿಯಲ್ಲೇ ನಿಲ್ಲಿಸಿ ಗದರಿದರು. "ಬೆಳಿಗ್ಗೆ ವೈಫೈ ಓಡುತ್ತೆ, ಸಂಜೆ ತೆವಳುತ್ತೆ. ಡಬ್ಬಾ ರೂಟರ್ ಹಾಕಿದೀಯ. ಕಾರಣ ಹೇಳು, ಇಲ್ಲಾಂದ್ರೆ ಕೆಲಸದಿಂದ ತೆಗೆಸ್ತೀನಿ!"

ಅವನು ಆ ವೈಫೈಗೆ ಯಾರ್ಯಾರ ಫೋನು ಸೇರಿಕೊಂಡಿದೆ ಅಂತ ನೋಡಿದ. ನೋಡಿ ಬೆವರಿದ. ಬಾಯಿಬಿಟ್ಟು ಹೇಳಿದರೆ ಕಪಾಳಕ್ಕೆ ಬೀಳೋದು ಗ್ಯಾರಂಟಿ.

"ಪಾಸ್‌ವರ್ಡ್ ಬದಲಾಯಿಸಿ ನೋಡೋಣ ಸಾರ್," ಅಂದ. ಬದಲಾಯಿಸಿದ. ಸ್ಪೀಡು ಚಂಗನೆ ಏರಿತು.

"ನೋಡು, ಗದರಿದ್ರೆ ತಾನೇ ನೀವು ಕೆಲಸ ಮಾಡೋದು!" ಅಂತ ಚೆಲುವಯ್ಯ ಮೀಸೆ ತಿರುವುವಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಕೂಗು ಬಂತು. "ಅತ್ತಿಗೇ, ಧಾರಾವಾಹಿ ನಿಂತೋಯ್ತು! ಹೊಸ ಪಾಸ್‌ವರ್ಡ್ ಏನು?"

ಯಾರ ದನಿ ಅಂತೀರಿ? ಆ ಕಾಂಪೌಂಡಿನ ಜಾಗಕ್ಕೇ ಕೋರ್ಟಿಗೆ ಹೋಗಿ, ಅಣ್ಣನ ಮನೆ ನೀರೂ ಮುಟ್ಟಲ್ಲ ಅಂತ ಆಣೆ ಹಾಕಿದ ತಮ್ಮನದು!

ಚೆಲುವಯ್ಯ ಗಿರ್ರನೆ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿದ್ದ ಹೆಂಡತಿ ಪಂಕಜಮ್ಮ ಗಂಡನ ಕಡೆ ತಿರುಗದೆಯೇ, "ಹಳೇ ಪಾಸ್‌ವರ್ಡೇ ಹಾಕಪ್ಪ, ನಮಗೆ ಅಷ್ಟೊಂದು ಸ್ಪೀಡು ಬೇಡ," ಅಂದರು.

"ಆಫೀಸಲ್ಲಿ ಏನಂತ ಹೇಳಲಿ ಸಾರ್?" ಅಂದ ಲೈನ್‌ಮನ್.

"ರೂಟರ್ ಚಿನ್ನದಂಥದ್ದು ಅಂತ ಹೇಳಯ್ಯಾ," ಅಂದರು ಚೆಲುವಯ್ಯ, "ಆದ್ರೆ ಮೆತ್ತಗೆ ಹೇಳು, ಬೀದಿಗೆ ಕೇಳಿಸೀತು!"