ಅಳಿಲು ಬಿಟ್ಟ ಹಣ್ಣು

ಶಿರಾ ಸೀಮೆಯ ಒಂದು ಕೆರೆ ಏರಿಯ ಕೆಳಗಿದ್ದ ಹಾಳುಮಂಟಪದಲ್ಲಿ ಪೂಜ್ಯ ಚಿದ್ಘನ ಸ್ವಾಮಿಗಳು ಬಹುಕಾಲ ವಾಸವಾಗಿದ್ದರು. ಹಾಸಲು ಗೋಣಿತಟ್ಟು, ಕುಡಿಯಲು ಒಂದು ಮಡಕೆ ನೀರು, ಅಷ್ಟೇ ಅವರ ಮಠ. ಅವರ ಆಹಾರವಂತೂ ಇನ್ನೂ ವಿಚಿತ್ರ. ಪಕ್ಕದ ತೋಟದ ಸೀಬೆಕೊಂಬೆಗಳು ಮಂಟಪದ ಮೇಲಕ್ಕೇ ಬಾಗಿದ್ದವು. ನಸುಕಿನಲ್ಲೇ ಅಳಿಲುಗಳು ಅಲ್ಲಿ ಸೇರಿ, ಹಿಂಗಾಲ ಮೇಲೆ ಕುಳಿತು, ಹಣ್ಣನ್ನು ಮುಂಗಾಲುಗಳಲ್ಲಿ ತಿರುಗಿಸುತ್ತ ಸಿಹಿಯಾದ ಕಡೆಯಷ್ಟೇ ಕೆರೆದು ತಿಂದು, ಉಳಿದದ್ದನ್ನು ಕೆಳಗೆ ಬೀಳಿಸಿ ಮತ್ತೊಂದಕ್ಕೆ ಓಡುತ್ತಿದ್ದವು. ಬಿದ್ದ ಆ ಚೂರೇ ಸ್ವಾಮಿಗಳಿಗೆ ಪ್ರಸಾದ. ಭಕ್ತರು ಬುಟ್ಟಿಗಟ್ಟಲೆ ತಂದರೂ ಮುಟ್ಟುತ್ತಿರಲಿಲ್ಲ. "ಮೊದಲು ಅವರದಾಗಲಿ" ಎಂದು ಅಳಿಲುಗಳತ್ತ ಕೈ ತೋರುತ್ತಿದ್ದರು.

ತೋಟವನ್ನು ಗುತ್ತಿಗೆ ಹಿಡಿದಿದ್ದವನು ಪುಟ್ಟನರಸಯ್ಯ. ಮೈಮುರಿದು ದುಡಿಯುವವನೇ, ಆದರೆ ಕೋಪ ಸದಾ ಮೂಗಿನ ತುದಿಯಲ್ಲಿ. ಸ್ವಾಮಿಗಳೆಂದರೆ ಅವನಿಗೆ ಅಷ್ಟಕ್ಕಷ್ಟೆ. ಅಳಿಲುಗಳ ಮೇಲಂತೂ ಹಲ್ಲು ಮಸೆಯುತ್ತಿದ್ದ. ಒಂದು ಹಣ್ಣನ್ನು ಪೂರ್ತಿ ತಿಂದು ಹೋಗಲಿ, ಯಾರು ಬೇಡವೆಂದರು? ಕಂಡದ್ದನ್ನೆಲ್ಲ ಕಚ್ಚಿ ಕೆಡಿಸುವುದು ಯಾವ ನ್ಯಾಯ ಎಂದು ಅವನ ವಾದ. ಒಂದು ಸಂಜೆ ಮಾಗಿದ ಹಣ್ಣುಗಳನ್ನು ಸೀಳಿ, ಒಳಗೆ ವಿಷ ತುರುಕಿ, ಅಲ್ಲಲ್ಲಿ ಕೊಂಬೆಯ ಕವಲಿನಲ್ಲಿಟ್ಟು ಬಂದ.

ಮರುದಿನ ಬೆಳಿಗ್ಗೆ ಊಟಕ್ಕೆ ಕುಳಿತು, ತಾನು ಮಾಡಿದ್ದನ್ನು ಹೆಂಡತಿ ಸಿದ್ಧಗಂಗಮ್ಮನಿಗೆ ಹೆಮ್ಮೆಯಿಂದಲೇ ಹೇಳಿದ. ಬಡಿಸುತ್ತಿದ್ದ ಆಕೆಯ ಮುಖ ಬಿಳಿಚಿಕೊಂಡಿತು.

"ಮಂಟಪದ ಕಡೆ ಮರಕ್ಕೂ ಇಟ್ರಾ? ಸ್ವಾಮ್ಗಳು ತಿನ್ನೋದೇ ಅಳಿಲು ಬಿಟ್ಟಿದ್ದನ್ನ."

ಮುದ್ದೆ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು. ಕೈ ಸಹ ತೊಳೆಯದೆ ಎದ್ದು ಓಡಿದ. ಹೊತ್ತು ಆಗಲೇ ಮೇಲೇರಿತ್ತು, ಸ್ವಾಮಿಗಳು ಧ್ಯಾನದಿಂದೆದ್ದು ಆಹಾರ ಸ್ವೀಕರಿಸುವ ವೇಳೆ. ಬೇಲಿಮುಳ್ಳು ಕಾಲಿಗೆ ಚುಚ್ಚಿದ್ದೂ ಅವನಿಗೆ ತಿಳಿಯಲಿಲ್ಲ. ಒಂದೊಂದೇ ಮರ ನೋಡುತ್ತ ಬಂದ. ಇಟ್ಟ ಹಣ್ಣು ಇಟ್ಟಲ್ಲೇ ಇತ್ತು. ಇಲ್ಲೂ ಇದೆ, ಅಲ್ಲೂ ಇದೆ ಎಂದು ಒಂದಿಷ್ಟು ಉಸಿರು ಬಿಟ್ಟ. ಮಂಟಪಕ್ಕೆ ತಾಗಿದ ಮರದ ಕವಲು ಮಾತ್ರ ಖಾಲಿಯಾಗಿತ್ತು.

ಒಳಗೆ ಸ್ವಾಮಿಗಳು ಕಂಬಕ್ಕೊರಗಿ ಕಣ್ಣು ಮುಚ್ಚಿ ಕುಳಿತಿದ್ದರು. ಬಳಿಯಲ್ಲಿ ಕಚ್ಚಿದ ಸೀಬೆಯ ಚೂರು. ಅದರ ಮೇಲಿರುವುದು ಅಳಿಲ ಹಲ್ಲೋ ಮನುಷ್ಯನ ಹಲ್ಲೋ ಹೇಗೆ ತಿಳಿಯಬೇಕು? ಎದೆ ಏಳುವುದೂ ಕಾಣಲಿಲ್ಲ. ಅವನು ಹತ್ತಿರ ಹೋಗಿ ಬಗ್ಗಿದ.

"ಸ್ವಾಮೀ, ತಿಂದ್ರಾ?"

ಸ್ವಾಮಿಗಳು ಕಣ್ತೆರೆದರು. ಮಡಿಲಿನ ಕಾವಿಬಟ್ಟೆಯನ್ನು ಮೆಲ್ಲನೆ ಸರಿಸಿದರು. ಅಲ್ಲೊಂದು ಅಳಿಲು ಸತ್ತು ಮಲಗಿತ್ತು.

"ದಿನವೂ ನಮಗಿಂತ ಮೊದಲು ಇದೇ ತಿನ್ನುತ್ತಿತ್ತು. ಇವತ್ತೂ ಇದೇ ಮೊದಲು ತಿಂದಿತು" ಎಂದರು.

ಪುಟ್ಟನರಸಯ್ಯ ಕುಸಿದು ಅವರ ಪಾದ ಹಿಡಿದ. "ನಾನೇ ಇಕ್ಕಿದ್ದು ಸ್ವಾಮಿ" ಎಂದು ಮಕ್ಕಳಂತೆ ಅತ್ತ. ಸ್ವಾಮಿಗಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರದ ಬುಡದಲ್ಲಿ ತಾವೇ ಮಣ್ಣು ಬಗೆದು ಆ ಪುಟ್ಟ ಜೀವವನ್ನು ಮಲಗಿಸಿದರು. ಅವನು ಉಳಿದ ವಿಷದ ಹಣ್ಣುಗಳನ್ನೆಲ್ಲ ಆರಿಸಿ ತಂದು ಆಳವಾಗಿ ಹೂತ. ಅಂದು ಸ್ವಾಮಿಗಳು ಏನನ್ನೂ ಸ್ವೀಕರಿಸಲಿಲ್ಲ. ಸಂಜೆಯವರೆಗೂ ಅವನು ಎದುರಿಗೇ ಕೂತಿದ್ದ.

"ನೀವು ಉಣ್ಣದೇ ಇದ್ರೆ ನಾನು ಬದುಕೋದು ಹೆಂಗೆ ಸ್ವಾಮಿ? ಏನು ಮಾಡ್ಲಿ, ಹೇಳಿ."

"ನಾಳೆಯಿಂದ ಮೊದಲು ನೀನು ತಿನ್ನು" ಎಂದರು ಸ್ವಾಮಿಗಳು.

ಮರುದಿನ ತೋಟದಲ್ಲೇ ಒಳ್ಳೆಯ ಹಣ್ಣೊಂದನ್ನು ಹುಡುಕಿ ತಂದ. ಗುರುಗಳಿಗೆ ತನ್ನ ಎಂಜಲು ಕೊಡುವುದುಂಟೆ? ಹಿಂಜರಿದು ನಿಂತ. ಸ್ವಾಮಿಗಳು ಅಂಗೈ ಚಾಚಿಕೊಂಡೇ ಕುಳಿತಿದ್ದರು. ಕೊನೆಗೆ ಒಂದು ಕಡಿತ ಕಡಿದು, ಉಳಿದದ್ದನ್ನು ಆ ಅಂಗೈಯಲ್ಲಿಟ್ಟ. ಸ್ವಾಮಿಗಳು ಅವನ ಮುಖ ನೋಡುತ್ತಲೇ ಅದನ್ನು ತಿಂದು ಮುಗಿಸಿದರು.

ಸ್ವಾಮಿಗಳು ದೇಹ ಬಿಡುವವರೆಗೂ ಆ ಸೇವೆ ತಪ್ಪಲಿಲ್ಲ, ಆಮೇಲೂ ಅವನು ಅದನ್ನು ಬಿಡಲಿಲ್ಲ. ಬೆಳಗಾದರೆ ಮಂಟಪಕ್ಕೆ ಬಂದು ಒಂದು ಕಡಿತ ತಾನು ತಿಂದು, ಉಳಿದ ಹಣ್ಣನ್ನು ಅಳಿಲುಗಳಿಗೆ ಇಟ್ಟು ಹೋಗುತ್ತಿದ್ದ. ಅಕ್ಕಪಕ್ಕದ ತೋಟದವರು, ಅಳಿಲುಗಳಿಗೆ ಏನು ಮದ್ದಿಡಬೇಕೆಂದು ಅವನನ್ನು ಕೇಳುವುದಿತ್ತು. ಪುಟ್ಟನರಸಯ್ಯ ತಲೆ ತಗ್ಗಿಸಿ ಹೇಳುತ್ತಿದ್ದುದು ಇಷ್ಟೇ:

"ಮೊದಲು ನಾನು ತಿನ್ಬೇಕಲ್ಲಪ್ಪ."